ಸಾಕ್ಷಿ ಬಿಲ್ಲೆಯ ಬೆನ್ನು

"ಕೈ ಹಾಕೋ ಹಾಗಿಲ್ಲ ಸಾರ್. ಕಣ್ಣಲ್ಲಿ ಎಷ್ಟು ಬೇಕಾದ್ರೂ ನುಂಗಿ."

ಮೇಲ್ಮನವಿ ಕಚೇರಿಯ ಗುಮಾಸ್ತ ಅರಗಿನ ಮುದ್ರೆ ಒಡೆದು, ಕಂದು ಲಕೋಟೆಯನ್ನು ಮೇಜಿನ ಮೇಲೆ ಬೋರಲು ಹಿಡಿದು ಕೊಡವಿದ. ಅಂಗೈಯಗಲದ ಚೌಕ ಉಕ್ಕಿನ ಬಿಲ್ಲೆಯೊಂದು ಠಣ್ಣೆಂದು ಜಾರಿ ಬಿತ್ತು. ಮೇಲಿನ ಮುಖ ಮೊಟ್ಟೆಯ ಸಿಪ್ಪೆಯಷ್ಟು ಬಿಳುಪು. ತುದಿಯಲ್ಲಿ ಕೊಕ್ಕೆಗೆ ನೇತುಹಾಕಲು ಒಂದು ತೂತು.

ಸರ್ವೇಯರ್ ಕುರ್ಚಿ ಎಳೆದುಕೊಂಡು ಕೂತ. ಎರಡು ಮಹಡಿ ಹತ್ತಿದ ಮಂಡಿ ಇನ್ನೂ ಕಟಕಟ ಅನ್ನುತ್ತಿತ್ತು. ಇಪ್ಪತ್ತಾರು ವರ್ಷ ವಿಮಾ ಕಂಪನಿಗಳಿಗಾಗಿ ಸುಟ್ಟ ಗೋದಾಮು, ಒಡೆದ ಬಾಯ್ಲರು, ಮುಳುಗಿದ ಲಾರಿ ನೋಡಿ ನೋಡಿ ಸವೆದ ಕಣ್ಣು ಅವನದು. ಕೆಲಸ ಬಿಟ್ಟರೂ 'ಸರ್ವೇಯರ್' ಅನ್ನುವ ಹೆಸರು ಅವನನ್ನು ಬಿಡಲಿಲ್ಲ. ಇಂಥ ತಾಪತ್ರಯಗಳಿಗೆ ವಕೀಲರು ಕರೆಯುವುದನ್ನೂ ಬಿಡಲಿಲ್ಲ.

ಮೇಜಿನ ಆಚೆಗೆ ಎದುರು ಕಕ್ಷಿಯ ಕಂಪನಿಯ ಪ್ರಯೋಗಾಲಯದ ಮುಖ್ಯಸ್ಥ. ಲ್ಯಾಬಿನಲ್ಲಿದ್ದರೂ ಅಷ್ಟೇ, ಕಚೇರಿಗೆ ಬಂದರೂ ಅಷ್ಟೇ, ಮೈಮೇಲಿನ ಕೋಟು ಕಳಚದ ಆಸಾಮಿ. ಸರ್ವೇಯರ್ ಯಾರ ಪರವಾಗಿ ಬಂದಿದ್ದನೋ ಆ ಲೇಪದ ಮೇಸ್ತ್ರಿಯ ಶೆಡ್ಡಿನಲ್ಲಿ ಅವನನ್ನು ಕರೆಯುತ್ತಿದ್ದುದೇ 'ಬಿಳಿ ಕೋಟು' ಅಂತ.

"ನಾಳೆ ಹತ್ತೂವರೆಗೆ ವಿಚಾರಣೆ. ಇವತ್ತು ಬಂದು ನೋಡ್ತಿದ್ದೀರಲ್ಲ," ಎಂದ ಬಿಳಿ ಕೋಟು ಆಕಳಿಸುತ್ತಾ.

"ನಿಮ್ಮವರು ಇವತ್ತಿನ ತನಕ ತೋರಿಸಲೇ ಇಲ್ಲವಲ್ಲ."

ಲೇಪ ಹೊಡೆದ ಈ ಒಂದು ಮಾದರಿ ಬಿಲ್ಲೆ ಮೇಸ್ತ್ರಿಯ ಕತ್ತು ಹಿಸುಕಿ ಕೂತಿತ್ತು. ಟರ್ಬೈನಿನ ರೆಕ್ಕೆಗಳ ಮೇಲೆ ಸಿಂಪಡಿಸುವ ಸೆರಾಮಿಕ್ ಲೇಪ ಬೆಂಕಿಯ ಗಾಳಿಗೆ ಬಿರುಕು ಬಿಟ್ಟು ಹಕ್ಕಳೆಯಾಗಿ ಉದುರುತ್ತಿತ್ತು. ಮೇಸ್ತ್ರಿ ಎರಡು ಬಗೆಯ ಪುಡಿಯನ್ನು ಪದರ ಪದರವಾಗಿ ಹೊಡೆದು ಅದನ್ನು ನಿಲ್ಲಿಸಿದ. "ಒಂದು ಗಟ್ಟಿ, ಒಂದು ಸಡಿಲ ಸಾರ್. ಬಿರುಕು ಗಟ್ಟಿಯಲ್ಲಿ ಹುಟ್ಟುತ್ತೆ, ಸಡಿಲದಲ್ಲಿ ಸಾಯುತ್ತೆ." ಇಷ್ಟೇ ಅವನ ವಿಜ್ಞಾನ. ಐದು ವರ್ಷದ ಹಿಂದೆ ಅರ್ಜಿ ಹಾಕಿ ಅದಕ್ಕೆ ಪೇಟೆಂಟ್ ಪಡೆದ. ಕಂಪನಿ ಸುಮ್ಮನಿರಲಿಲ್ಲ. ಇದೇ ಲೇಪವನ್ನು ಏಳು ವರ್ಷದ ಹಿಂದೆಯೇ ನಾವು ಮಾಡಿದ್ದೆವು ಎಂದು ಈ ಬಿಲ್ಲೆಯನ್ನು ಮುಂದಿಟ್ಟಿತು. ಕೆಳಗಿನ ಅಧಿಕಾರಿ ಪೇಟೆಂಟ್ ರದ್ದು ಮಾಡಿದ.

ರದ್ದು ಮಾಡಿದ್ದು ಹಾಳಾಗಲಿ. ಆದೇಶದಲ್ಲಿ ಒಂದು ಸಾಲು ಬರೆದಿದ್ದ: ಇಂಥ ಸೂಕ್ಷ್ಮ ಪದರ ವಿನ್ಯಾಸವು ಮೂರನೇ ತರಗತಿಗೆ ಶಾಲೆ ಬಿಟ್ಟ ವ್ಯಕ್ತಿಯ ತಿಳಿವಳಿಕೆಗೆ ಮೀರಿದ್ದೆಂದು ಕಾಣುತ್ತದೆ. ಕುರ್ಚಿಯಲ್ಲಿ ಕೂತು ಕಾಣುವುದು ಸುಲಭ. ಪುಡಿ ಸಿಂಪಡಿಸುವ ಗನ್ನಿನ ಮುಂದೆ ನಿಂತು ಹುಬ್ಬು ಸುಟ್ಟುಕೊಂಡವನಿಗೆ ಏನು ಕಾಣುತ್ತದೆ ಅಂತ ಯಾರೂ ಕೇಳಲಿಲ್ಲ.

ನಾಳೆ ಮೇಲ್ಮನವಿಯೂ ಬಿದ್ದರೆ ಲೇಪದ ಹಕ್ಕು ಕಂಪನಿಗೆ ಹೋಗುತ್ತದೆ; ಮೇಸ್ತ್ರಿ ತನ್ನದೇ ಲೇಪವನ್ನು ತನ್ನದೇ ಶೆಡ್ಡಿನಲ್ಲಿ ಹೊಡೆಯುವ ಹಾಗಿಲ್ಲ. ಹೊಡೆದರೆ ಕಳ್ಳ. ಕಂಪನಿಯ ನೋಟೀಸು ಆಗಲೇ ಶೆಡ್ಡಿನ ಬಾಗಿಲಿಗೆ ಅಂಟಿತ್ತು.

ಸರ್ವೇಯರ್ ಬಿಳಿ ಮುಖದ ಅಂಚುಗಳನ್ನು ನೋಡಿದ. ನಾಲ್ಕೂ ಬದಿ ಉಜ್ಜಿ ನುಣ್ಣಗೆ ಮಾಡಿದ್ದರು.

"ಅಂಚು ಯಾಕೆ ಉಜ್ಜಿದ್ರಿ?"

"ಮೈಕ್ರೋಸ್ಕೋಪಿಗೆ ಇಡೋಕೆ."

"ಒಂದು ಅಂಚು ಸಾಕಲ್ವಾ? ನಾಲ್ಕನ್ನೂ ಉಜ್ಜಬೇಕಾ?"

ಬಿಳಿ ಕೋಟು ಚಹಾ ಲೋಟದೊಳಗೆ ನೋಡಿದ. "ನಮ್ಮಲ್ಲಿ ಅಚ್ಚುಕಟ್ಟು ಜಾಸ್ತಿ."

ಸರ್ವೇಯರನಿಗೆ ಬೆಳಿಗ್ಗೆ ವಕೀಲಮ್ಮ ಹೇಳಿದ ಮಾತು ನೆನಪಾಯಿತು. ಮೇಸ್ತ್ರಿಯ ಪರವಾಗಿ ಐದು ವರ್ಷದಿಂದ ಕಾಗದ ಹೊತ್ತು ತಿರುಗುತ್ತಿರುವ ಹೆಂಗಸು. ಫೋನು ಇಡುವ ಮುಂಚೆ ಎರಡು ಸಲ ಹೇಳಿದ್ದರು: "ಬಿಲ್ಲೆಯ ಬೆನ್ನು ನೋಡೋದು ಮರೀಬೇಡಿ ಸರ್ವೇಯರೇ. ಬೆನ್ನು."

"ತಿರುಗಿಸಿ," ಎಂದ.

ಗುಮಾಸ್ತ ಕರವಸ್ತ್ರದಲ್ಲಿ ಹಿಡಿದು, ಪುಸ್ತಕದ ಹಾಳೆ ಮಗುಚುವ ಹಾಗೆ ಬಿಲ್ಲೆಯನ್ನು ಮಗುಚಿದ. ತೂತು ಮೇಲೆಯೇ ಉಳಿಯಿತು. ಬೆನ್ನಿನ ಉಕ್ಕು ಬಿಸಿಗೆ ನೀಲಿ, ಕಂದು ತಿರುಗಿತ್ತು. ನಡುವೆ ಗೀರಿದ ತಾರೀಖು, ಏಳು ವರ್ಷ ಹಿಂದಿನದು. ಬಲ ಅಂಚಿಗೆ...

ಸರ್ವೇಯರನ ಬೆನ್ನು ತಾನಾಗಿ ನೆಟ್ಟಗಾಯಿತು.

ಬಲ ಅಂಚಿಗೆ ಒತ್ತೊತ್ತಾಗಿ ಗೆರೆಗಳು. ಉಗುರಿನ ದಪ್ಪದಷ್ಟು ಅಂತರ ಬಿಟ್ಟು ಒಂದರ ಪಕ್ಕ ಒಂದು. ಎಣಿಸಿದ. ಹನ್ನೊಂದು.

ಈ ಗೆರೆಗಳನ್ನು ಅವನು ಬೇರೆಲ್ಲೂ ಅಲ್ಲ, ಮೇಸ್ತ್ರಿಯ ಶೆಡ್ಡಿನಲ್ಲೇ ಹೋದ ವಾರ ನೋಡಿದ್ದ. ಪದರ ಎಷ್ಟಾಯಿತು ಅಂತ ಮೇಸ್ತ್ರಿ ಬರೆದಿಡುವುದಿಲ್ಲ. ಬಿಲ್ಲೆಯ ಒಂದು ಅಂಚಿಗೆ ತೆಳು ಉಕ್ಕಿನ ಕ್ಲಿಪ್ಪು ಸಿಕ್ಕಿಸಿರುತ್ತಾನೆ. ಒಂದು ಪದರ ಆದ ಕೂಡಲೇ ಕ್ಲಿಪ್ಪನ್ನು ಉಗುರಿನ ದಪ್ಪದಷ್ಟು ಒಳಕ್ಕೆ ಜರುಗಿಸುತ್ತಾನೆ. ಲೇಪ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆ; ಬೆರಳಲ್ಲಿ ಸವರಿದರೆ ಎಣಿಕೆ ಸಿಗುತ್ತದೆ. "ನೋಟ್‌ಬುಕ್ ಸುಳ್ಳು ಹೇಳುತ್ತೆ ಸಾರ್, ಮೆಟ್ಟಿಲು ಹೇಳಲ್ಲ," ಎಂದಿದ್ದ ಮೇಸ್ತ್ರಿ. ಅವನ ಮೆಟ್ಟಿಲು ಇದ್ದದ್ದು ಬಲಕ್ಕೆ. ಕ್ಲಿಪ್ಪಿನ ಹಿಂಗಾಲು ಒತ್ತಿದ ಕಡೆಯೆಲ್ಲ ಬೆನ್ನ ಮೇಲೆ ಹೀಗೇ ಗೆರೆ ಬೀಳುತ್ತಿತ್ತು.

"ನಿಮ್ಮ ಲ್ಯಾಬಲ್ಲಿ ಪದರ ಎಣಿಸೋದು ಹೇಗೆ?"

"ಕಂಪ್ಯೂಟರ್ ಎಣಿಸುತ್ತೆ."

"ಕ್ಲಿಪ್ಪು ಗಿಪ್ಪು ಹಾಕ್ತೀರಾ?"

"ಯಾವ ಕ್ಲಿಪ್ಪು? ನಮ್ಮದೇನು ಬಟ್ಟೆ ಒಣಗಿಸೋ ಹಗ್ಗವಾ?"

ಗುಮಾಸ್ತ ಕಿಸಕ್ಕೆಂದ.

"ಹಾಗಾದ್ರೆ ಈ ಗೆರೆಗಳು?"

ಬಿಳಿ ಕೋಟು ಬಗ್ಗಿ ನೋಡಲಿಲ್ಲ. ನೋಡಬೇಕಾಗಿರಲಿಲ್ಲ ಅನ್ನುವ ಹಾಗೆ ಕೂತಿದ್ದ. ಆ ಕ್ಷಣವೇ ಸರ್ವೇಯರ್ ಎಚ್ಚರವಾಗಬೇಕಿತ್ತು. ಆದರೆ ಮೂರು ವಾರದಿಂದ ಅಲೆದು ಸುಸ್ತಾದ ಮನುಷ್ಯ. ಕೈಗೆ ಸಿಕ್ಕ ಎಳೆಯನ್ನು ಜಗ್ಗದೆ ಬಿಡುವ ತಾಳ್ಮೆ ಇರಲಿಲ್ಲ.

"ಈ ಬಿಲ್ಲೆ ನಿಮ್ಮದಲ್ಲ. ಇದು ಮೇಸ್ತ್ರಿಯ ಕೈ."

"ಖಚಿತಾನಾ?"

"ನೂರಕ್ಕೆ ನೂರು."

"ಬರೆದುಕೊಡ್ತೀರಾ?"

"ಸಹಿ ಸಮೇತ."

ಗುಮಾಸ್ತ ಪರಿಶೀಲನಾ ಹಾಳೆ ಮುಂದಿಟ್ಟ. ಸರ್ವೇಯರ್ ಬರೆದ: ಬೆನ್ನಿನ ಬಲ ಅಂಚಿನಲ್ಲಿ ಹನ್ನೊಂದು ಗೆರೆಗಳಿವೆ, ಇವು ಮೇಸ್ತ್ರಿಯ ಕ್ಲಿಪ್ಪಿನ ಗುರುತುಗಳು, ಬಿಲ್ಲೆ ಆತನ ಕೈಯಿಂದಲೇ ಆದದ್ದು. ಕೆಳಗೆ ಸಹಿ ಹಾಕಿದ. ತಾರೀಖು ಹಾಕಿದ. ವಿಮಾ ಕಂಪನಿಯ ಹಳೇ ಚಾಳಿ, ಸಹಿಯ ಕೆಳಗೆ ಎರಡು ಗೆರೆ ಬೇರೆ ಎಳೆದ.

ಬಿಳಿ ಕೋಟು ಹಾಳೆಯನ್ನು ಎರಡು ಸಲ ಓದಿದ. ಆಮೇಲೆ ಚೀಲದಿಂದ ಒಂದು ಹಳದಿ ಕಾರ್ಡು ತೆಗೆದು, ಮೆಲ್ಲಗೆ ಅದರ ಮೇಲಿಟ್ಟ.

"ಇದನ್ನೂ ಲಗತ್ತಿಸಿಕೊಳ್ಳಿ ಗುಮಾಸ್ತರೇ."

ಹಾಜರಿ ಕಾರ್ಡು. ಕಂಪನಿಯ ಮೊಹರು. ಮೇಸ್ತ್ರಿಯ ಫೋಟೋ, ತಲೆಯಲ್ಲಿ ಇನ್ನೂ ಕಪ್ಪು ಕೂದಲಿದ್ದ ಕಾಲದ್ದು. ಏಳು ವರ್ಷದ ಹಿಂದೆ, ನಾಲ್ಕು ತಿಂಗಳು. ಬಿಲ್ಲೆಯ ಮೇಲಿನ ತಾರೀಖು ಆ ನಾಲ್ಕು ತಿಂಗಳ ಒಳಗೇ ಇತ್ತು.

"ನಮ್ಮಲ್ಲಿ ನೌಕರಿ ಮಾಡ್ತಿದ್ದ ನಿಮ್ಮ ಮೇಸ್ತ್ರಿ," ಎಂದ ಬಿಳಿ ಕೋಟು. ದನಿಯಲ್ಲಿ ಹಿಗ್ಗಿರಲಿಲ್ಲ, ಎಲ್ಲ ಮುಗಿಸಿ ಮನೆಗೆ ಹೋಗುವ ಅವಸರ ಮಾತ್ರ. "ನಮ್ಮ ಗನ್ನು, ನಮ್ಮ ಪುಡಿ, ನಮ್ಮ ಸಂಬಳ. ಆಗ ಅವನು ಕಂಡುಹಿಡಿದದ್ದು ಯಾರದ್ದಾಗುತ್ತೆ? ನಮ್ಮದು. ಒಂದೇ ಕೊರತೆ ಇತ್ತು. ಈ ಬಿಲ್ಲೆ ಅವನೇ ಮಾಡಿದ್ದು ಅಂತ ಹೇಳೋಕೆ ನಮಗೆ ಯಾರೂ ಸಿಕ್ಕಿರಲಿಲ್ಲ. ನೀವು ಸಿಕ್ಕಿದ್ರಿ."

ಗುಮಾಸ್ತ ಎರಡನ್ನೂ ಸೇರಿಸಿ ಗುಂಡುಸೂಜಿ ಚುಚ್ಚಿದ. ಆ ಸದ್ದು ಸರ್ವೇಯರನಿಗೆ ಹಲ್ಲಿನಲ್ಲಿ ಕೇಳಿಸಿತು.

ಬಸ್ಸಿನಲ್ಲಿ ಕೂರಲು ಜಾಗವಿತ್ತು. ಆದರೂ ನಿಂತೇ ಬಂದ. ಕೂತರೆ ಮತ್ತೆ ಏಳುವುದು ಯಾಕೆ ಅನ್ನಿಸುವ ಭಯ.

ವಕೀಲಮ್ಮ ಎರಡು ಸಲ ಫೋನು ಮಾಡಿದರು. ಎತ್ತಲಿಲ್ಲ. ಏನಂತ ಹೇಳುವುದು? ನಿಮ್ಮ ಕಕ್ಷಿದಾರನ ತಲೆ ಮೇಲೆ ನಾನೇ ಕಲ್ಲು ಹಾಕಿ, ಕೆಳಗೆ ಎರಡು ಗೆರೆ ಎಳೆದು ಬಂದೆ ಅಂತಲೇ?

ಜೇಬಿನಲ್ಲಿ ಅವರು ಬೆಳಿಗ್ಗೆ ಕಳಿಸಿದ ಹೇಳಿಕೆ ಪತ್ರ ಮಡಚಿಕೊಂಡು ಕೂತಿತ್ತು. ಟೈಪಾಗಿ ತಯಾರಾದ ಒಂದೇ ಹಾಳೆ: ಸದರಿ ಬಿಲ್ಲೆಯನ್ನು ನಾನೇ ನನ್ನ ಕೈಯಾರೆ ಸಿದ್ಧಪಡಿಸಿದ್ದು. ಕೆಳಗೆ ಮೇಸ್ತ್ರಿಯ ಸಹಿಗೆ ಜಾಗ. "ನೀವು ನೋಡಿ ಬಂದ ಮೇಲೆ ಸಹಿ ಹಾಕಿಸಿಬಿಡಿ. ಅವರು ಕದ್ದಿದ್ದು ಅಂತ ನಾನು ವಾದಿಸ್ತೀನಿ," ಎಂದಿದ್ದರು. ಬೆಳಿಗ್ಗೆ ಅದು ಜಾಣತನ ಅನ್ನಿಸಿತ್ತು.

ಶೆಡ್ಡು ತಲುಪಿದಾಗ ನಾಲ್ಕು ಗಂಟೆ. ಗೋಡೆಯಾಚೆ ಬೀದಿಯ ಬದಿಗೆ ಕಂಪ್ರೆಸರು ದಡದಡ ಬಡಿದುಕೊಳ್ಳುತ್ತಿತ್ತು. ಅದಕ್ಕೊಂದು ಖಾಯಿಲೆ: ನಾಲ್ಕು ಬಡಿತಕ್ಕೊಮ್ಮೆ ಉಸಿರು ಕಟ್ಟಿದಂತೆ ತಡೆದು, ಮತ್ತೆ ಶುರು ಮಾಡುವುದು. ಒಳಗೆ ಎಲ್ಲದರ ಮೇಲೂ ಹಿಟ್ಟಿನ ಗಿರಣಿಯಲ್ಲಿರುವ ಹಾಗೆ ಬಿಳಿ ದೂಳು. ಮೇಸ್ತ್ರಿಯ ಮಗಳು ಮೂಗಿಗೆ ಮುಸುಕು ಕಟ್ಟಿ ಪುಡಿಯ ಡಬ್ಬಿ ತೊಳೆಯುತ್ತಿದ್ದಳು. ಇಪ್ಪತ್ತಾರರ ಹುಡುಗಿ, ಓದು ಮುಗಿಸಿ, ಅಪ್ಪನ ಜೊತೆಗೇ ನಿಂತವಳು.

"ಏನಾಯ್ತು ಸಾರ್? ಮುಖ ಹೀಗ್ಯಾಕೆ?"

"ನಿಮ್ಮಪ್ಪನ ಹತ್ರ ಮಾತಾಡಬೇಕು."

ಮೇಸ್ತ್ರಿ ಒಳಗಿನ ಬೆಂಚಿನ ಮೇಲೆ ಕೂತು ಕೆಮ್ಮುತ್ತಿದ್ದ. ಕೆಮ್ಮು ಮುಗಿಯುವ ತನಕ ಕಾಯುವ ಶಿಸ್ತು ಸರ್ವೇಯರನಲ್ಲಿ ಉಳಿದಿರಲಿಲ್ಲ.

"ನೀವು ಆ ಕಂಪನಿಯಲ್ಲಿ ಕೆಲಸ ಮಾಡಿದ್ರಾ?"

ಕೆಮ್ಮು ನಿಂತಿತು.

"ಮಾಡಿದ್ರಾ ಇಲ್ವಾ? ಒಂದೇ ಮಾತು."

"ನಾಲ್ಕು ತಿಂಗಳು."

"ಮೂರು ವಾರದಿಂದ ನಿಮ್ಮ ಹಿಂದೆ ಸುತ್ತುತಾ ಇದ್ದೀನಿ. ಒಂದು ಸಲ ಬಾಯಿ ಬಿಡಬಾರದಿತ್ತಾ ಮೇಸ್ತ್ರಿ?"

"ಪುಡಿ ಕದ್ದ ಅಂತ ಹೇಳಿ ಹೊರಗೆ ಹಾಕಿದ್ರು ಸಾರ್." ಮೇಸ್ತ್ರಿ ತನ್ನ ಅಂಗೈ ನೋಡಿಕೊಂಡ. ಉಗುರ ಸಂದಿಯಲ್ಲೆಲ್ಲ ಬಿಳಿ. "ಸಂಜೆ ಗೇಟಲ್ಲಿ ನಿಲ್ಲಿಸಿ ಬಟ್ಟೆ ಕೊಡವಿಸಿದ್ರು. ಅಂಗಿಯಿಂದ ಪುಡಿ ಉದುರ್ತು. ಉದುರದೇ ಇರುತ್ತಾ? ದಿನವಿಡೀ ಅದರಲ್ಲೇ ನಿಂತವನ ಅಂಗಿ. ಇದನ್ನ ಯಾರ ಮುಂದೆ ಹೇಳ್ಲಿ? ಮಗಳ ಮುಂದೆ ಹೇಳಲಾ?"

ಮಗಳ ಕೈಯಲ್ಲಿದ್ದ ಡಬ್ಬಿ ನಿಂತಲ್ಲೇ ನಿಂತಿತು. ನೀರು ಮಾತ್ರ ಸುರಿಯುತ್ತಲೇ ಇತ್ತು.

"ಅಲ್ಲಿ ಪದರ ಪದರ ಹೊಡೆದ್ರಾ? ಗಟ್ಟಿ, ಸಡಿಲ?"

"ಎಲ್ಲಿ ಸಾರ್! ಪಂಪಿನ ಕಂಬಿಗೆ ಒಂದೇ ಲೇಪ. ಬೆಳಗಿಂದ ಸಂಜೆ ತನಕ. ಪದರದ ಯೋಚನೆ ಬಂದಿದ್ದು ಹೊರಗೆ ಬಿದ್ದ ಮೇಲೆ. ಕೆಲಸ ಇರಲಿಲ್ಲ, ತಲೆ ಖಾಲಿ ಇತ್ತು."

"ಬಿಲ್ಲೆಯ ಮೇಲೆ ನಿಮ್ಮ ಗೆರೆ ಇದೆ. ಹನ್ನೊಂದು. ನಾನೇ ಎಣಿಸಿದೆ. ನಾನೇ ಬರೆದುಕೊಟ್ಟೂ ಬಂದೆ."

"ಹನ್ನೊಂದಾ?" ಮೇಸ್ತ್ರಿ ತಲೆ ಎತ್ತಿದ. "ನಾನು ಹನ್ನೆರಡು ಹೊಡೆಯದೆ ಗನ್ನು ಇಳಿಸಿದ್ದೇ ಇಲ್ಲ."

"ಅದನ್ನ ನಾಳೆ ಪೀಠದ ಮುಂದೆ ಹೇಳಿ. ಎಣಿಸೋದು ಬಂದಿರಲಿಲ್ಲ ಅಂತಾರೆ. ಮೂರನೇ ಕ್ಲಾಸು ಅಲ್ವಾ."

ಮಾತು ಬಾಯಿಂದ ಬಿದ್ದ ಮೇಲೆ ಸರ್ವೇಯರನಿಗೆ ತನ್ನ ಮೇಲೇ ಅಸಹ್ಯವಾಯಿತು. ಅಂಥ ಮಾತನ್ನು ನುಂಗಿ ರೂಢಿಯಾದ ಮುಖ ಮೇಸ್ತ್ರಿಯದು. ಎದ್ದ. ಕೊಕ್ಕೆಯಿಂದ ಗನ್ನು ಎತ್ತಿಕೊಂಡ. ಎಡಗೈಯಲ್ಲಿ.

"ನೋಡಿ ಸಾರ್. ಗನ್ನು ಇಲ್ಲಿ. ಕ್ಲಿಪ್ಪು ಈ ಕೈಲಿ." ಬಲಗೈಯಿಂದ ಬಿಲ್ಲೆಯ ಬಲ ಅಂಚಿನ ಕ್ಲಿಪ್ಪನ್ನು ಟಿಕ್ಕೆಂದು ಜರುಗಿಸಿದ. "ಒಂದು." ಮತ್ತೆ ಟಿಕ್. "ಎರಡು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹನ್ನೆರಡಕ್ಕೆ ನಿಲ್ಲುತ್ತೆ ಈ ಬೆರಳು."

ಸರ್ವೇಯರ್ ನೋಡುತ್ತಾ ನಿಂತ. ಎಡಗೈಯಲ್ಲಿ ಗನ್ನು. ಬಲ ಅಂಚಿಗೆ ಕ್ಲಿಪ್ಪು.

ಗೋಡೆಯ ಮೇಲೆ ಮೇಸ್ತ್ರಿಯ ಹಳೆಯ ಬಿಲ್ಲೆಗಳು ಸಾಲಾಗಿ ನೇತಾಡುತ್ತಿದ್ದವು. ಒಂದನ್ನು ಎಳೆದುಕೊಂಡ. ತೂತು ಮೇಲೆ. ಬಿಳಿ ಮುಖ ತನ್ನ ಕಡೆ. ಮೆಟ್ಟಿಲು ಬಲಕ್ಕಿತ್ತು, ಸರಿ.

ಪುಸ್ತಕದ ಹಾಳೆಯ ಹಾಗೆ ಮಗುಚಿದ.

ಗೆರೆಗಳು ಎಡಕ್ಕೆ ಹೋದವು.

ಇನ್ನೊಂದು ಎಳೆದ. ಮಗುಚಿದ. ಎಡಕ್ಕೆ. ಮತ್ತೊಂದು. ಎಡಕ್ಕೆ.

"ಅಯ್ಯೋ ನನ್ನ ದಡ್ಡತನವೇ," ಎಂದು ಬೆಂಚಿನ ಮೇಲೆ ಕುಸಿದ.

ಆ ಕಚೇರಿಯಲ್ಲಿ ಅವನು ನೋಡಿದ್ದು ಬೆನ್ನನ್ನು. ಗೆರೆ ಇದ್ದದ್ದು ಬೆನ್ನಿನ ಬಲಕ್ಕೆ. ಅಂದರೆ ಮುಂದಿನಿಂದ ನೋಡಿದರೆ ಎಡಕ್ಕೆ! ಮಗುಚಿದಾಗ ಎಡ ಬಲ ಅದಲು ಬದಲಾಗುತ್ತದೆ ಅನ್ನುವುದು ಕನ್ನಡಿ ನೋಡಿ ಕ್ರಾಪು ತೆಗೆಯುವವನಿಗೂ ಗೊತ್ತು. ಇಪ್ಪತ್ತಾರು ವರ್ಷ ಸರ್ವೆ ಮಾಡಿದವನಿಗೆ ಹೊಳೆಯಲಿಲ್ಲ. ಮುಂದಿನ ಮೆಟ್ಟಿಲು ಕಾಣದಂತೆ ಅಂಚು ಉಜ್ಜಿದ್ದರು; ಬಲ ಅಂತ ನೆನಪಿತ್ತು, ಬಲ ಕಾಣಿಸಿತು, ಸಹಿ ಹಾಕಿದ.

"ಮೇಸ್ತ್ರಿ, ಅದು ನಿಮ್ಮ ಕೈಯಲ್ಲ. ಎಡ ಅಂಚಿಗೆ ಕ್ಲಿಪ್ಪು ಹಾಕಿದ್ದಾರೆ. ಗನ್ನು ಬಲಗೈಯಲ್ಲಿ ಹಿಡಿಯೋ ಮನುಷ್ಯ ಮಾಡಿದ್ದು ಅದು." ದಣಿವೆಲ್ಲ ಎಲ್ಲಿಗೋ ಓಡಿತ್ತು. "ನೀವು ಬಚಾವು! ನಿಮ್ಮಿಂದ ಕಲಿತವರು ಯಾರೋ ಆಮೇಲೆ ಮಾಡಿದ್ದು, ಕಂಪನಿ ಅದನ್ನ ಎಗರಿಸಿ ಹಳೇ ತಾರೀಖು ಗೀರಿದೆ. ಕದ್ದ ಮಾಲು ತೋರಿಸಿ ನಾವೇ ಮೊದಲು ಮಾಡಿದ್ವಿ ಅನ್ನೋಕಾಗಲ್ಲ. ನಾನು ಬರೆದ ಹಾಳೆಯಲ್ಲೇ 'ಬೆನ್ನಿನ ಬಲ ಅಂಚು' ಅಂತಿದೆ. ಅದೊಂದೇ ಸಾಕು. ಹೇಳಿ, ಈ ಕ್ಲಿಪ್ಪಿನ ಕೆಲಸ ಯಾರಿಗೆ ಕಲಿಸಿದ್ರಿ?"

ಮೇಸ್ತ್ರಿ ಕೊಕ್ಕೆಯ ಕಡೆ ತಿರುಗಿದ.

"ಯಾರಿಗೆ?"

ಗನ್ನನ್ನು ಕೊಕ್ಕೆಗೆ ಸಿಕ್ಕಿಸಲು ಅವನು ಬಹಳ ಹೊತ್ತು ತೆಗೆದುಕೊಂಡ. ಕಣ್ಣು ಒಂದು ಸಲ, ಒಂದೇ ಸಲ, ನಲ್ಲಿಯ ಕಡೆಗೆ ಹೋಗಿ ಬಂತು.

ಸರ್ವೇಯರನೂ ಆ ಕಡೆ ನೋಡಿದ. ಮಗಳು ನಲ್ಲಿ ನಿಲ್ಲಿಸುತ್ತಿದ್ದಳು. ಬಲಗೈಯಿಂದ.

"ಆ ಬಿಳಿ ಕೋಟು ಹೋದ ವರ್ಷ ಎರಡು ಸಲ ನಮ್ಮ ಗೇಟಿಗೆ ಬಂದಿದ್ದ," ಎಂದ ಮೇಸ್ತ್ರಿ, ಗೋಡೆಗೆ ಹೇಳುವವನ ಹಾಗೆ. "ಇವಳಿಗೆ ಕೆಲಸ ಕೊಡ್ತೀನಿ ಅಂತ. ಇವಳು ಏನಂದಳೋ ನಾನು ಕೇಳಲಿಲ್ಲ. ವಯಸ್ಸಿನ ಹುಡುಗಿ, ಈ ದೂಳಲ್ಲಿ ಎಷ್ಟು ದಿನ ಅಂತ... ಸಾರ್, ಆ ವಕೀಲಮ್ಮನ ಕಾಗದ ಇದೆಯಲ್ಲ? ಕೊಡಿ."

"ಯಾವ ಕಾಗದ?"

"ಬಿಲ್ಲೆ ನಾನೇ ಮಾಡಿದ್ದು ಅನ್ನೋ ಕಾಗದ. ಬೆಳಿಗ್ಗೆ ಫೋನಲ್ಲಿ ಹೇಳಿದ್ರು. ಕೊಡಿ, ಸಹಿ ಹಾಕ್ತೀನಿ."

"ತಲೆ ಕೆಟ್ಟಿದೆಯಾ? ಅದಕ್ಕೆ ಸಹಿ ಹಾಕಿದ್ರೆ ಕಂಪನಿ ಇಟ್ಟುಕೊಂಡಿರೋ ನಿಮ್ಮ ಹಾಜರಿ ಕಾರ್ಡಿಗೆ ನೀವೇ ಮುದ್ರೆ ಒತ್ತಿದ ಹಾಗೆ! ಪೇಟೆಂಟು ಹೋಗುತ್ತೆ. ಶೆಡ್ಡು ಹೋಗುತ್ತೆ."

"ಹೋಗಲಿ. ನಾನು ಕಳ್ಳ ಅನ್ನಿಸ್ಕೊಂಡು ಏಳು ವರ್ಷ ಬದುಕಿದ್ದೀನಿ. ಅವಳು ಅನ್ನಿಸ್ಕೊಳ್ಳೋದು ಬೇಡ."

ಕೈ ಚಾಚಿ ಸರ್ವೇಯರನ ಜೇಬಿನಿಂದ ಕಾಗದವನ್ನು ಎಳೆದುಕೊಂಡೇಬಿಟ್ಟ. ದೂಳಿನ ಬೆಂಚಿನ ಮೇಲೆ ಹರಡಿದ. ಪೆನ್ನು ಎತ್ತಿಕೊಂಡ. ಎಡಗೈ ಅಭ್ಯಾಸದಂತೆ ಮುಂದೆ ಬಂತು. ಅದನ್ನು ತಡೆದು ಪೆನ್ನನ್ನು ಬಲಗೈಗೆ ಬದಲಾಯಿಸಿಕೊಂಡ.

"ಪೀಠದ ಮುಂದೆ ಬರಿ ಅಂದ್ರೂ ಬರೀತೀನಿ. ನಾನು ಬಲಗೈಯವನು. ಆಯ್ತಾ?"

ಸಣ್ಣ ಮಗು ಸ್ಲೇಟಿನ ಮೇಲೆ ತಿದ್ದುವ ಹಾಗೆ, ತುಟಿ ಕಚ್ಚಿಕೊಂಡು, ಅಕ್ಷರ ಅಕ್ಷರವಾಗಿ ತನ್ನ ಹೆಸರು ಬರೆಯತೊಡಗಿದ. ಪೆನ್ನು ಜಾರಿತು. ಮತ್ತೆ ಹಿಡಿದ. ಸರ್ವೇಯರನಿಗೆ ಕೈ ಹಿಡಿದು ತಡೆಯಬೇಕೆನ್ನಿಸಿತು, ಕೈ ಏಳಲಿಲ್ಲ.

"ಅಪ್ಪಾ, ಏನು ಮಾಡ್ತಿದ್ದೀಯ?"

ಮಗಳು ಮೂಗಿನ ಮುಸುಕು ಕೆಳಗೆಳೆದು ಬೆಂಚಿನ ಹತ್ತಿರ ಬಂದಿದ್ದಳು. ಕಾಗದ ಓದಿದಳು. ಅಪ್ಪನ ಬಲಗೈ ನೋಡಿದಳು.

"ನಾನು ಮಾರಿಕೊಂಡೆ ಅಂದ್ಕೊಂಡ್ಯಾ?"

"ನಾನೇನೂ ಅಂದ್ಕೊಂಡಿಲ್ಲ ಪುಟ್ಟಿ. ನೀನು ಒಳಗೆ ಹೋಗು."

"ಅಂದ್ಕೊಂಡಿದ್ದೀಯ. ಅದಕ್ಕೇ ಸೊಟ್ಟ ಕೈಯಲ್ಲಿ ಬರೀತಿದ್ದೀಯ." ಅವಳ ಕಣ್ಣು ತುಂಬಿತು, ದನಿ ಮಾತ್ರ ಏರಿತು. "ಐದು ವರ್ಷದ ಹಿಂದೆ ಅಮ್ಮ ತೀರಿಕೊಂಡ ತಿಂಗಳು ನೆನಪಿದೆಯಾ? ನೀನು ಶೆಡ್ಡಿನ ಬೀಗಾನೇ ತೆಗೀಲಿಲ್ಲ. ಮೂಲೇಲಿ ಗೋಡೆ ನೋಡ್ತಾ ಕೂತಿದ್ದೆ. ಅರ್ಜಿಗೆ ಕೊನೇ ವಾರ. ಹೊಸದಾಗಿ ಮಾಡಿದ ಒಂದು ಬಿಲ್ಲೆ ಬೇಕೇಬೇಕು ಅಂತ ಬಾಗಿಲು ಬಡಿದ್ರು. ನಿನ್ನ ಎಬ್ಬಿಸೋಕೆ ಮನಸ್ಸು ಬರಲಿಲ್ಲ. ನಾನೇ ಹೊಡೆದೆ. ನನ್ನ ಜೀವನದಲ್ಲಿ ನಾನೊಬ್ಬಳೇ ಮಾಡಿದ್ದು ಅದೊಂದೇ ಬಿಲ್ಲೆ. ಹನ್ನೊಂದು ಪದರಕ್ಕೆ ಪುಡಿ ಖಾಲಿ ಆಯ್ತು. ಹನ್ನೆರಡಾಗಲಿಲ್ಲ ಅಂತ ಅತ್ತಿದ್ದೆ ಕೂಡ."

ಮೇಸ್ತ್ರಿಯ ಪೆನ್ನು ಕಾಗದದ ಮೇಲೇ ನಿಂತುಬಿಟ್ಟಿತು. ಶಾಯಿ ಚುಕ್ಕೆಯಾಗಿ ಹರಡುತ್ತಿತ್ತು.

"ಬಾಗಿಲು ಬಡಿದದ್ದು ಯಾರು?" ಎಂದ ಸರ್ವೇಯರ್.

"ವಕೀಲಮ್ಮ. ಅವರ ಕೈಗೇ ಕೊಟ್ಟೆ. ಪೇಟೆಂಟ್ ಕಚೇರಿಗೆ ಸೇರಿಸ್ತೀನಿ ಅಂತ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ್ರು. 'ಇದೇನಮ್ಮ ಬೆನ್ನ ಮೇಲೆ ಗೆರೆ' ಅಂತ ಕೇಳಿದ್ರು. ಅಪ್ಪನ ಕ್ಲಿಪ್ಪಿನ ಗುರುತು ಅಂತ ಹೇಳಿದ್ದೂ ನಾನೇ."

ಬಿಲ್ಲೆಯ ಬೆನ್ನು ನೋಡೋದು ಮರೀಬೇಡಿ ಸರ್ವೇಯರೇ. ಬೆನ್ನು.

ಕಂಪನಿ ಆ ಬಿಲ್ಲೆಯನ್ನು ಇವತ್ತಿನ ತನಕ ಮೇಸ್ತ್ರಿಯ ಕಡೆಯವರಿಗೆ ತೋರಿಸಿಯೇ ಇರಲಿಲ್ಲ. ಅದರ ಬೆನ್ನ ಮೇಲೆ ನೋಡುವಂಥದ್ದು ಏನೋ ಇದೆ ಅಂತ ವಕೀಲಮ್ಮನಿಗೆ ಬೆಳಿಗ್ಗೆ ಎಂಟಕ್ಕೇ ಹೇಗೆ ಗೊತ್ತಾಯಿತು? 'ನಾನೇ ಸಿದ್ಧಪಡಿಸಿದ್ದು' ಅನ್ನುವ ಹೇಳಿಕೆ, ಯಾರೂ ಏನೂ ನೋಡುವ ಮುಂಚೆಯೇ ಟೈಪಾಗಿ ಜೇಬಿಗೆ ಬಂದದ್ದು ಹೇಗೆ? ಹೊರಗಿನ ಸರ್ವೇಯರನ ಸಹಿ ಒಂದು, ಮೇಸ್ತ್ರಿಯ ಸಹಿ ಒಂದು. ಎರಡೂ ಸಿಕ್ಕರೆ ನಾಳೆ ಕಂಪನಿಯವರು ಬಾಯಿ ತೆರೆಯುವ ಕೆಲಸವೂ ಇಲ್ಲ. ಒಂದು ಸಹಿ ಆಗಲೇ ಸಂದಾಯವಾಗಿತ್ತು. ಕೆಳಗೆ ಎರಡು ಗೆರೆ ಸಮೇತ.

ಜೇಬಿನಲ್ಲಿ ಫೋನು ನಡುಗಿತು.

ತೆರೆಯ ಮೇಲಿನ ಹೆಸರನ್ನು ಮೂವರೂ ನೋಡಿದರು. ಸರ್ವೇಯರ್ ತುಟಿಗೆ ಬೆರಳಿಟ್ಟು, ಫೋನು ಕಿವಿಗೆ ಹಿಡಿದ.

"ಏನ್ರೀ ಸರ್ವೇಯರೇ, ಮಧ್ಯಾಹ್ನದಿಂದ ಮಾಡ್ತಾ ಇದ್ದೀನಿ," ವಕೀಲಮ್ಮನ ದನಿ ಎಂದಿನಂತೆ ಮೃದುವಾಗಿತ್ತು. "ಬೆನ್ನು ನೋಡಿದ್ರಾ?"

"ನೋಡಿದೆ ಮೇಡಂ."

"ಮೇಸ್ತ್ರಿಯ ಸಹಿ ಆಯ್ತಾ?"

ಸರ್ವೇಯರ್ ಬೆಂಚಿನ ಕಡೆ ನೋಡಿದ. ಅರ್ಧ ಬರೆದ ಹೆಸರು. ಶಾಯಿಯ ಮಚ್ಚೆ. ಅಪ್ಪನ ಬಲಗೈಯಿಂದ ಮಗಳು ಪೆನ್ನು ಬಿಡಿಸಿಕೊಳ್ಳುತ್ತಿದ್ದಳು, ಅವನು ಬಿಡುತ್ತಿರಲಿಲ್ಲ.

"ಆಗ್ತಾ ಇದೆ," ಎಂದ. "ಬಲಗೈಯಲ್ಲಿ ಹಾಕ್ತಿದ್ದಾರೆ."

ಆ ಕಡೆ ಮಾತು ನಿಂತಿತು. ಏನು, ಯಾಕೆ ಬಲಗೈ, ಏನಾಯಿತು ಕೈಗೆ, ಯಾವುದೂ ಇಲ್ಲ. ಗೊತ್ತಿಲ್ಲದವರಾಗಿದ್ದರೆ ಕೇಳುತ್ತಿದ್ದರು.

ಆ ಮೌನದಲ್ಲಿ ಸರ್ವೇಯರನಿಗೆ ಫೋನಿನೊಳಗೆ ಇನ್ನೇನೋ ಕೇಳಿಸಿತು. ದಡದಡದಡದಡ. ತಡೆ. ಮತ್ತೆ ದಡದಡದಡದಡ.

ಇನ್ನೊಂದು ಕಿವಿಯಲ್ಲಿ, ಗೋಡೆಯಾಚೆ, ಬೀದಿಯ ಬದಿಗೆ, ಅದೇ ಕಂಪ್ರೆಸರು ಅದೇ ಜಾಗದಲ್ಲಿ ಉಸಿರು ಹಿಡಿದು ಅದೇ ಜಾಗದಲ್ಲಿ ಬಿಟ್ಟಿತು.

"ಆ ಕಾಗದ ಹರಿಯಬೇಡಿ," ಎಂದಿತು ವಕೀಲಮ್ಮನ ದನಿ, ಈಗ ಮೃದುವಾಗಿರಲಿಲ್ಲ. "ಬಾಗಿಲು ತೆಗೀರಿ. ನಾನೊಬ್ಬಳೇ ಬಂದಿಲ್ಲ."